ಒಡಹುಟ್ಟಿದವರು ಇಲ್ಲವಾದಾಗ ಮನಸ್ಸಿಗೆ ಏನಾಗುತ್ತದೆ?



ನಮ್ಮ ಗೋಡೆ ಪತ್ರಿಕೆಯಲ್ಲಿ ಪ್ರತಿ ತಿಂಗಳು ಚುಟುಕ, ಒಗಟು, ಗಾದೆ, ವಿಜ್ಞಾನ ಲೇಖನ ಎಲ್ಲಾ ಬರುತ್ತವೆ. ಎಂಟನೇ ತರಗತಿಯಲ್ಲಿದ್ದಾಗ ನಾನೂ ಎರೆಹುಳು ಗೊಬ್ಬರದ ಬಗ್ಗೆ ಬರೆದಿದ್ದೆ. ಈ ಸಲ ಏನು ಬರೀತೀಯಮ್ಮ ಅಂತ ವಿಜ್ಞಾನದ ಮೇಷ್ಟ್ರು ಕೇಳಿದಾಗ "ದುಃಖದ ಬಗ್ಗೆ ಬರೀಲಾ ಸಾರ್?" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಬರಿ. ಎರೆಹುಳದ ಬಗ್ಗೆ ಬರೆದ ಹಾಗೇ ಬರಿ. ಅದು ಏನು, ಹೇಗೆ ಆಗುತ್ತೆ, ಏನು ಮಾಡಬೇಕು ಅಂತ ಓದಿದವರಿಗೆ ತಿಳಿಯಬೇಕು" ಅಂದರು. ಆದ್ದರಿಂದ ಇದು ಕಥೆಯಲ್ಲ, ಲೇಖನ. ತಪ್ಪಿದ್ದರೆ ಕ್ಷಮಿಸಬೇಕು.

ನಡೆದದ್ದು

ನಿಮಗೆಲ್ಲಾ ಗೊತ್ತಿರುವುದೇ. 2024ರ ಅಕ್ಟೋಬರ್ ತಿಂಗಳು, ದಸರಾ ರಜೆ. ಆರನೇ ತರಗತಿ ಓದುತ್ತಿದ್ದ ನನ್ನ ತಮ್ಮ, ಮೂರನೇ ತರಗತಿಯ ನನ್ನ ತಂಗಿ ಇಬ್ಬರೂ ನಮ್ಮ ತೋಟದ ಕೃಷಿ ಹೊಂಡದಲ್ಲಿ ಮುಳುಗಿ ತೀರಿಕೊಂಡರು. ಆಗ ನಾನು ಒಂಬತ್ತನೇ ತರಗತಿ. ಹೊಂಡದ ಅಂಚಿನಲ್ಲಿ ತಂಗಿಯ ಒಂದು ಚಪ್ಪಲಿ ಇತ್ತು, ಇನ್ನೊಂದು ನೀರಿನಲ್ಲಿ ತೇಲುತ್ತಿತ್ತು. ಅದನ್ನು ತೆಗೆಯಲು ಹೋಗಿ ಅವಳು ಜಾರಿರಬೇಕು, ಅವಳನ್ನು ಹಿಡಿಯಲು ಹೋಗಿ ತಮ್ಮನೂ ಜಾರಿರಬೇಕು ಅಂತ ಎಲ್ಲರೂ ಹೇಳಿದರು. ಕಣ್ಣಾರೆ ಕಂಡವರು ಯಾರೂ ಇಲ್ಲ.

ಹೊಂಡದ ಬಗ್ಗೆ ಎರಡು ಮಾತು ಹೇಳಲೇಬೇಕು. ಮಳೆ ನೀರು ಹಿಡಿದಿಟ್ಟು ಬೆಳೆ ಉಳಿಸಿಕೊಳ್ಳಲು ಕೃಷಿ ಹೊಂಡ ಬಹಳ ಒಳ್ಳೆಯದು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಬಯಲುಸೀಮೆಯಲ್ಲಿ ಇವು ಹೆಚ್ಚಾದವು. ನೀರು ಇಂಗದಿರಲಿ ಅಂತ ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ನಾಲ್ಕೂ ಕಡೆ ಇಳಿಜಾರು. ಹಾಳೆಯ ಮೇಲೆ ಪಾಚಿ ಕಟ್ಟಿದರೆ ಎಣ್ಣೆ ಸುರಿದ ಹಾಗೆ ಜಾರುತ್ತದೆ. ಕೆರೆಯಲ್ಲಾದರೆ ಮಣ್ಣು, ಬೇರು, ಹುಲ್ಲು ಏನಾದರೂ ಕೈಗೆ ಸಿಗುತ್ತದೆ. ಹಾಳೆಯಲ್ಲಿ ಏನೂ ಸಿಗುವುದಿಲ್ಲ. ಈಜು ಬರುವ ದೊಡ್ಡವರೂ ಮೇಲೆ ಬರಲು ಒದ್ದಾಡುತ್ತಾರೆ.

ಇನ್ನೊಂದು ವಿಷಯ. ಮುಳುಗುವವರು ಸಿನಿಮಾದಲ್ಲಿ ತೋರಿಸುವ ಹಾಗೆ ಕೈ ಬೀಸಿ ಕೂಗಲು ಆಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲೇ ಇರುತ್ತದೆ, ಉಸಿರಾಡುವುದೇ ಕಷ್ಟ, ಇನ್ನು ಕೂಗುವುದೆಲ್ಲಿ? ನಮ್ಮಪ್ಪ ಅದೇ ತೋಟದಲ್ಲಿ ಅಡಿಕೆ ಗಿಡಕ್ಕೆ ಪಾತಿ ಮಾಡುತ್ತಿದ್ದರು. ಅವರಿಗೆ ಏನೂ ಕೇಳಿಸಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ 2021ರಲ್ಲಿ ಪ್ರಪಂಚದಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅದರಲ್ಲಿ ಮಕ್ಕಳು ಬಹಳ. ಅಂದರೆ ಇದು ನಮ್ಮ ಮನೆಗೆ ಮಾತ್ರ ಬಂದ ಕಷ್ಟವಲ್ಲ.

ದುಃಖ ಶರೀರಕ್ಕೂ ಬರುತ್ತದೆ

ದುಃಖ ಅಂದರೆ ಅಳು ಅಂತ ನಾನು ತಿಳಿದಿದ್ದೆ. ಆದರೆ ಮಣ್ಣು ಮಾಡಿದ ದಿನವೂ, ಹಾಲುತುಪ್ಪದ ದಿನವೂ ನನಗೆ ಅಳು ಬರಲಿಲ್ಲ. ಬಂದ ನೆಂಟರಿಗೆ ಕಾಫಿ ಲೋಟ ತೊಳೆದು ಕೊಡುತ್ತಿದ್ದೆ. "ಈ ಹುಡುಗಿ ಎಂಥಾ ಕಲ್ಲು ಮನಸ್ಸಿನವಳೇ" ಅಂತ ಒಬ್ಬರು ಹಿತ್ತಲಲ್ಲಿ ಆಡಿಕೊಂಡಿದ್ದು ಕೇಳಿಸಿತು. ಹಾಗಲ್ಲ. ತಡೆಯಲಾರದಷ್ಟು ದೊಡ್ಡ ಪೆಟ್ಟು ಬಿದ್ದಾಗ ಮನಸ್ಸು ಜೋಮು ಹಿಡಿಯುತ್ತದೆ. ಎಲ್ಲವನ್ನೂ ಒಂದೇ ಸಲ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನನಗೆ ಅಳು ಬಂದದ್ದು ತಿಂಗಳಾದ ಮೇಲೆ, ಬಟ್ಟೆ ಒಗೆಯುವಾಗ ತಮ್ಮನ ಚಡ್ಡಿ ಜೇಬಿನಲ್ಲಿ ಎರಡು ಗೋಲಿ ಸಿಕ್ಕಿದಾಗ.

ಆಮೇಲೆ ಶರೀರಕ್ಕೆ ಏನೇನೋ ಆಯಿತು. ಹೊಟ್ಟೆ ನೋವು, ಎದೆಯಲ್ಲಿ ಭಾರ, ರಾತ್ರಿ ನಿದ್ದೆ ಇಲ್ಲ, ಬೆಳಗ್ಗೆ ಏಳಲು ಆಗಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದ ಪ್ರಶ್ನೆ ಪತ್ರಿಕೆ ಮೂರು ಸಲ ಓದಿದರೂ ತಲೆಗೆ ಹತ್ತಲಿಲ್ಲ. ನಾನು ದಡ್ಡಿಯಾಗಿಬಿಟ್ಟೆ ಅಂದುಕೊಂಡೆ. ಮೇಷ್ಟ್ರು ಇದಕ್ಕೆ ಕಾರಣ ಹೇಳಿದರು. ಅಪಾಯ ಬಂದಾಗ ನಮ್ಮ ಶರೀರದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ಹೆಚ್ಚುತ್ತವೆ. ಹಾವು ಕಂಡಾಗ ಎದೆ ಹೊಡೆದುಕೊಳ್ಳುವುದು ಅದರಿಂದಲೇ. ಹಾವು ಹೋದ ಮೇಲೆ ಅದು ಇಳಿಯುತ್ತದೆ. ಆದರೆ ದುಃಖ ಎದ್ದು ಹೋಗುವ ಹಾವಲ್ಲ. ವಾರಗಟ್ಟಲೆ ಶರೀರ ಎಚ್ಚರದಲ್ಲೇ ಇರುತ್ತದೆ. ಆಗ ನಿದ್ದೆ, ಹಸಿವು, ನೆನಪಿನ ಶಕ್ತಿ ಎಲ್ಲಾ ಕೆಡುತ್ತವೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಒಮ್ಮೊಮ್ಮೆ "ಅಕ್ಕಾ" ಅಂತ ಕರೆದ ಹಾಗೆ ಕೇಳಿಸುತ್ತಿತ್ತು. ತಿರುಗಿ ನೋಡಿದರೆ ಯಾರೂ ಇಲ್ಲ. ಗಾಳಿ ಸೋಕಿದೆ ಅಂತ ನಮ್ಮಜ್ಜಿ ತಾಯತ ಕಟ್ಟಿಸಿದಳು. ನನಗೆ ಹುಚ್ಚು ಹಿಡಿಯುತ್ತಿದೆ ಅಂತ ನನಗೇ ಹೆದರಿಕೆ. ಮುಂದೆ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೇಳಿದರು: ತೀರಿಕೊಂಡವರ ದನಿ ಕೇಳಿದಂತೆ, ಅವರು ಹತ್ತಿರ ಕೂತಂತೆ ಅನಿಸುವುದು ಬಹಳ ಜನಕ್ಕೆ ಆಗುತ್ತದೆ. ವರ್ಷಗಟ್ಟಲೆ ದಿನಾ ಕೇಳಿದ ದನಿಯನ್ನು ಕಿವಿ ಅಷ್ಟು ಬೇಗ ಬಿಡುವುದಿಲ್ಲ. ಅದು ಹುಚ್ಚಲ್ಲ, ದೆವ್ವವೂ ಅಲ್ಲ.

ದುಃಖ ಮೆಟ್ಟಿಲಲ್ಲ

1969ರಲ್ಲಿ ಎಲಿಜಬೆತ್ ಕುಬ್ಲರ್ ರಾಸ್ ಎಂಬ ವೈದ್ಯೆ ಒಂದು ಪುಸ್ತಕ ಬರೆದರು. ನಂಬದಿರುವುದು, ಸಿಟ್ಟು, ದೇವರ ಹತ್ತಿರ ಚೌಕಾಸಿ, ಕುಗ್ಗುವುದು, ಕೊನೆಗೆ ಒಪ್ಪಿಕೊಳ್ಳುವುದು ಎಂದು ಐದು ಹಂತಗಳನ್ನು ಅದರಲ್ಲಿ ಹೇಳಿದ್ದಾರೆ. ಸಾವು ಹತ್ತಿರ ಬಂದ ರೋಗಿಗಳ ಜೊತೆ ಮಾತಾಡಿ ಅವರು ಕಂಡುಕೊಂಡದ್ದು ಇದು. ಆಮೇಲೆ ಜನ ಇದನ್ನು ಎಲ್ಲಾ ದುಃಖಕ್ಕೂ ಹೇಳತೊಡಗಿದರು. ಆದರೆ ಈ ಐದೂ ಎಲ್ಲರಿಗೂ ಬರಬೇಕೆಂದಿಲ್ಲ, ಒಂದರ ಮೇಲೊಂದು ಕ್ರಮವಾಗಿಯೂ ಬರುವುದಿಲ್ಲ. ನನಗಂತೂ ಸಿಟ್ಟು ಈಗಲೂ ಬರುತ್ತದೆ, ಒಪ್ಪಿಕೊಳ್ಳುವುದು ಒಂದೊಂದು ದಿನ ಬಂದು ಮತ್ತೆ ಹೋಗುತ್ತದೆ.

1999ರಲ್ಲಿ ನೆದರ್‌ಲ್ಯಾಂಡ್ಸ್ ದೇಶದ ಮಾರ್ಗರೆಟ್ ಸ್ಟ್ರೋಬ, ಹೆಂಕ್ ಸ್ಖುಟ್ ಎಂಬ ವಿದ್ವಾಂಸರು ಬೇರೆ ರೀತಿ ವಿವರಿಸಿದರು. ದುಃಖದಲ್ಲಿರುವವರು ಎರಡು ಕಡೆಗೆ ಓಡಾಡುತ್ತಿರುತ್ತಾರಂತೆ. ಒಂದು ಕಡೆ ಕಳೆದುಕೊಂಡವರ ನೆನಪು, ಅಳು. ಇನ್ನೊಂದು ಕಡೆ ಅಡಿಗೆ, ಓದು, ಆಟ, ನಾಳೆಯ ಕೆಲಸ. ಉಯ್ಯಾಲೆಯ ಹಾಗೆ ಅಲ್ಲಿಗೂ ಇಲ್ಲಿಗೂ ಹೋಗಿಬರುವುದೇ ಆರೋಗ್ಯ. ಒಂದೇ ಕಡೆ ನಿಂತುಬಿಟ್ಟರೆ ಕಷ್ಟ.

ಇದು ಗೊತ್ತಾದಾಗ ನನ್ನ ಒಂದು ಭಾರ ಇಳಿಯಿತು. ನಾನು ಶಾಲೆಗೆ ವಾಪಸ್ ಬಂದ ಮೊದಲ ವಾರ ಖೋ ಖೋ ಆಡುವಾಗ ಒಬ್ಬಳು ಬಿದ್ದಿದ್ದಕ್ಕೆ ಜೋರಾಗಿ ನಕ್ಕುಬಿಟ್ಟೆ. ತಕ್ಷಣ ಎಲ್ಲರೂ ನನ್ನನ್ನೇ ನೋಡಿದರು. ಆ ದಿನದಿಂದ ಆರು ತಿಂಗಳು ನಾನು ಆಟಕ್ಕೆ ಇಳಿಯಲಿಲ್ಲ. ನಕ್ಕರೆ ಅವರನ್ನು ಮರೆತ ಹಾಗೆ ಅಂತ ನನಗೆ ಅನಿಸಿತ್ತು. ನಗು ಬಂದರೆ ಮರೆತಿದ್ದೇವೆ ಅಂತಲ್ಲ. ಮನಸ್ಸು ಸ್ವಲ್ಪ ಉಸಿರು ತಗೊಳ್ತಿದೆ ಅಂತ ಅಷ್ಟೆ.

ನನ್ನಿಂದಲೇ ಆಯ್ತು ಎಂಬ ಯೋಚನೆ

ಇದನ್ನು ಬರೆಯುವುದೋ ಬೇಡವೋ ಅಂತ ನಾಲ್ಕು ದಿನ ಯೋಚನೆ ಮಾಡಿದೆ. ಆ ದಿನ ನಾನು ಮನೆಯಲ್ಲಿ ಓದುತ್ತಿದ್ದೆ. ಅವರಿಬ್ಬರೂ ಮಂಚದ ಮೇಲೆ ಕುಣಿದು ಗಲಾಟೆ ಮಾಡುತ್ತಿದ್ದರು. "ಹೋಗ್ರೋ ಆಚೆ, ಅಪ್ಪನ ಹತ್ರ ತೋಟಕ್ಕೆ ಹೋಗಿ ಸಾಯ್ರಿ" ಅಂತ ಗದರಿದೆ. ಆ ಮಾತು ಹಳ್ಳಿಯಲ್ಲಿ ಎಲ್ಲರೂ ಆಡುವುದೇ. ಆದರೆ ನಾನು ಅವರಿಗೆ ಆಡಿದ ಕೊನೆಯ ಮಾತು ಅದು. ಹತ್ತು ತಿಂಗಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಅಪ್ಪ ಅಮ್ಮ ನನ್ನ ಮುಖ ನೋಡಲ್ಲ ಅಂತ ಹೆದರಿಕೆ.

ಕಳೆದ ಆಗಸ್ಟ್‌ನಲ್ಲಿ ಒಂದು ರಾತ್ರಿ ಕರೆಂಟು ಹೋಗಿತ್ತು. ಜಗಲಿ ಮೇಲೆ ನಾವು ಮೂರು ಜನ ಕೂತಿದ್ದೆವು. ಕತ್ತಲಿತ್ತಲ್ಲ, ಹೇಳಿಬಿಟ್ಟೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಹೊಂಡ ತೋಡಿಸಿದ್ದು ನಾನಲ್ವೇನಮ್ಮ. ಬೇಲಿ ಹಾಕಿಸೋಣ ಅಂತ ಅವಳು ಹೇಳಿದ್ಲು, ಅಡಿಕೆ ದುಡ್ಡು ಬರಲಿ ಅಂದೆ" ಅಂದರು. ಅಮ್ಮ "ಆ ಚಪ್ಪಲಿ ಅವಳಿಗೆ ದೊಡ್ಡದಾಗ್ತಿತ್ತು. ಮುಂದಿನ ವರ್ಷಕ್ಕೂ ಬರಲಿ ಅಂತ ನಾನೇ ದೊಡ್ಡದು ತಂದಿದ್ದೆ" ಅಂದು ಅಳಲು ಶುರು ಮಾಡಿದಳು. ಒಂದೇ ಮನೆಯಲ್ಲಿ ಹತ್ತು ತಿಂಗಳು ಮೂರು ಜನವೂ ನನ್ನಿಂದಲೇ ಆಯ್ತು ಅಂತ ಬೇರೆ ಬೇರೆಯಾಗಿ ಹೊತ್ತುಕೊಂಡಿದ್ದೆವು. ಒಬ್ಬರಿಗೆ ಇನ್ನೊಬ್ಬರದು ಗೊತ್ತಿರಲಿಲ್ಲ. ಆ ರಾತ್ರಿ ಮೂರು ಜನವೂ ಅತ್ತೆವು. ಮೊದಲ ಸಲ ಒಟ್ಟಿಗೆ ಅತ್ತದ್ದು ಆವತ್ತೇ.

ಹೀಗೆ ಯಾಕಾಗುತ್ತದೆ? ಡಾಕ್ಟರಮ್ಮ ವಿವರಿಸಿದ್ದು ಇಷ್ಟು. ಕಾರಣವಿಲ್ಲದೆ ಇಷ್ಟು ದೊಡ್ಡದು ನಡೆಯಿತು ಅಂತ ಒಪ್ಪಿಕೊಳ್ಳುವುದಕ್ಕಿಂತ, ನನ್ನ ತಪ್ಪಿನಿಂದ ನಡೆಯಿತು ಅಂದುಕೊಳ್ಳುವುದು ಮನಸ್ಸಿಗೆ ಸುಲಭವಂತೆ. ತಪ್ಪು ಅಂತ ಒಂದಿದ್ದರೆ ಅದನ್ನು ತಡೆಯಬಹುದಿತ್ತು ಅನ್ನುವ ಸಮಾಧಾನ ಇರುತ್ತದಲ್ಲ. ಅವರು ನನಗೆ ಒಂದೇ ಪ್ರಶ್ನೆ ಕೇಳಿದರು: "ಈಗ ನಿನಗೆ ಗೊತ್ತಿರೋದು ಆವತ್ತು ಬೆಳಗ್ಗೆ ಗೊತ್ತಿತ್ತಾ?" ಇರಲಿಲ್ಲ. ಗದರಿದ್ದು ನಿಜ, ಅದಕ್ಕೆ ನನಗೆ ಬೇಜಾರಿದೆ. ಆದರೆ ಗದರುವುದಕ್ಕೂ ಕೊಲ್ಲುವುದಕ್ಕೂ ವ್ಯತ್ಯಾಸವಿದೆ.

ಉಳಿದವರ ದುಃಖ ಯಾರಿಗೂ ಕಾಣುವುದಿಲ್ಲ

ಮಕ್ಕಳು ಸತ್ತರೆ ಜನ ಅಪ್ಪ ಅಮ್ಮನನ್ನು ಸಮಾಧಾನ ಮಾಡುತ್ತಾರೆ. ಅದು ಸರಿಯೇ. ನನ್ನ ಹತ್ತಿರ ಬಂದವರೆಲ್ಲಾ "ಇನ್ನು ಮೇಲೆ ನೀನೇ ಅವರಿಗೆ ಎಲ್ಲಾ. ಚೆನ್ನಾಗಿ ನೋಡ್ಕೋ, ನೀನು ಅಳಬೇಡ" ಅಂದರು. ನೀನು ಹೇಗಿದೀಯ ಅಂತ ಕೇಳಿದವರು ಇಬ್ಬರೇ. ಅಮ್ಮನಿಗೆ ನೋವಾಗಬಾರದು ಅಂತ ನಾನು ತಮ್ಮನ ಕೆಲಸವನ್ನೂ ಮಾಡತೊಡಗಿದೆ. ಹಸುವಿಗೆ ಹುಲ್ಲು ತರುವುದು, ಡೇರಿಗೆ ಹಾಲು ಹಾಕುವುದು ಅವನ ಕೆಲಸವಾಗಿತ್ತು. ತಂಗಿಯ ಹಾಗೆ ಅಮ್ಮನ ಪಕ್ಕ ಮಲಗಿ ಕಥೆ ಹೇಳು ಅಂತಲೂ ಕೇಳುತ್ತಿದ್ದೆ. ಮೂರು ಮಕ್ಕಳೂ ನಾನೇ ಆಗಬೇಕು ಅಂತ.

ಇಂಗ್ಲಿಷ್ ಮಿಸ್ ಒಂದು ನಿಜ ಸಂಗತಿ ಹೇಳಿದರು. ಸ್ಕಾಟ್‌ಲೆಂಡಿನಲ್ಲಿ ಜೇಮ್ಸ್ ಬ್ಯಾರಿ ಎಂಬ ಹುಡುಗನಿದ್ದ. 1867ರಲ್ಲಿ ಅವನ ಅಣ್ಣ ಡೇವಿಡ್ ಮಂಜುಗಡ್ಡೆಯ ಮೇಲೆ ಜಾರಾಟ ಆಡುವಾಗ ಪೆಟ್ಟು ಬಿದ್ದು ತೀರಿಕೊಂಡ. ಅಣ್ಣನಿಗೆ ಇನ್ನೇನು 14 ತುಂಬುವುದರಲ್ಲಿತ್ತು, ಜೇಮ್ಸನಿಗೆ 6 ವರ್ಷ. ತಾಯಿ ಹಾಸಿಗೆ ಹಿಡಿದಳು. ಅವಳನ್ನು ನಗಿಸಬೇಕೆಂದು ಈ ಚಿಕ್ಕ ಹುಡುಗ ಅಣ್ಣನ ಬಟ್ಟೆ ಹಾಕಿಕೊಂಡು, ಅಣ್ಣನ ಹಾಗೆ ಶಿಳ್ಳೆ ಹೊಡೆಯುವುದನ್ನು ಕಲಿತು ಅವಳ ಮುಂದೆ ನಿಂತನಂತೆ. ದೊಡ್ಡವನಾದ ಮೇಲೆ ಅವನೇ ಇದನ್ನು ಬರೆದಿದ್ದಾನೆ. 1904ರಲ್ಲಿ ಅವನು ಬರೆದ ನಾಟಕವೇ 'ಪೀಟರ್ ಪ್ಯಾನ್'. ಎಂದೂ ದೊಡ್ಡವನಾಗದ ಹುಡುಗನ ಕಥೆ ಅದು. ಇದನ್ನು ಕೇಳಿ ನನಗೆ ಆಶ್ಚರ್ಯವಾಯಿತು. ಯಾವುದೋ ದೇಶದ ಹುಡುಗ, ನೂರೈವತ್ತು ವರ್ಷದ ಹಿಂದೆ, ನಾನು ಮಾಡಿದ್ದನ್ನೇ ಮಾಡಿದ್ದ. ಒಬ್ಬರು ಇನ್ನೊಬ್ಬರ ಜಾಗ ತುಂಬಲು ಆಗುವುದಿಲ್ಲ, ತುಂಬಬೇಕಾಗಿಯೂ ಇಲ್ಲ ಅಂತ ಮಿಸ್ ಹೇಳಿದರು. ಈಗ ಹಾಲನ್ನು ಡೇರಿಗೆ ಅಪ್ಪ ಹಾಕುತ್ತಾರೆ.

ನನಗೆ ಸಹಾಯವಾದದ್ದು

ಕಾಲವೇ ಮದ್ದು ಅನ್ನುತ್ತಾರೆ. ಬರೀ ಕಾಲದಿಂದ ನನಗೆ ಏನೂ ಆಗಲಿಲ್ಲ. ಈ ಕೆಳಗಿನವುಗಳಿಂದ ಆಯಿತು.

1. ಮಾತಾಡಿದ್ದು. 14416 ಎಂಬ ನಂಬರಿಗೆ ಯಾವ ಫೋನಿನಿಂದ ಬೇಕಾದರೂ ದುಡ್ಡಿಲ್ಲದೆ ಕರೆ ಮಾಡಬಹುದು. ಅದರ ಹೆಸರು ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಸರ್ಕಾರ ಶುರು ಮಾಡಿದ್ದು. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡುತ್ತಾರೆ. ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಫೋನ್ ಕೊಟ್ಟು ಹೊರಗೆ ನಿಂತಿದ್ದರು. ಅವರು ಹೇಳಿದ ಮೇಲೆಯೇ ನಾವು ಜಿಲ್ಲಾ ಆಸ್ಪತ್ರೆಯ ಡಾಕ್ಟರಮ್ಮನ ಹತ್ತಿರ ಹೋದದ್ದು. ಮನಸ್ಸಿನ ಡಾಕ್ಟರ ಹತ್ತಿರ ಹೋದರೆ ಹುಚ್ಚು ಅಂತಲ್ಲ.

2. ಅವರ ಜೊತೆ ಸಂಬಂಧ ಇಟ್ಟುಕೊಂಡದ್ದು. ಮರೆತುಬಿಡು ಅಂತ ಬಹಳ ಜನ ಹೇಳಿದರು. ಮರೆಯಬೇಕಾಗಿಲ್ಲ, ಸತ್ತವರ ಜೊತೆ ಬೇರೆ ರೀತಿಯ ನಂಟು ಉಳಿಸಿಕೊಳ್ಳುವುದು ತಪ್ಪಲ್ಲ ಅಂತ 1996ರಿಂದ ಈಚೆಗೆ ವಿದ್ವಾಂಸರೇ ಹೇಳುತ್ತಿದ್ದಾರೆ. ನಮ್ಮ ಹಿರಿಯರಿಗೆ ಇದು ಮೊದಲೇ ಗೊತ್ತಿತ್ತು, ಇಲ್ಲದಿದ್ದರೆ ಪಿತೃಪಕ್ಷದಲ್ಲಿ ಎಡೆ ಯಾಕಿಡುತ್ತಿದ್ದರು? ಈ 2025ರ ಮಹಾಲಯ ಅಮಾವಾಸ್ಯೆಗೆ ದೊಡ್ಡವರ ಎಡೆಯ ಪಕ್ಕ ಇನ್ನೆರಡು ಚಿಕ್ಕ ಎಡೆ ಇಡೋಣ ಅಂತ ಅಜ್ಜಿ ಹೇಳಿದ್ದಾಳೆ. ಒಂದಕ್ಕೆ ಕಡ್ಲೆಮಿಠಾಯಿ, ಇನ್ನೊಂದಕ್ಕೆ ಚಿತ್ರಾನ್ನ. ಚಿತ್ರಾನ್ನದಲ್ಲಿ ಕರಿಬೇವು ಹಾಕಬಾರದು, ತಂಗಿ ಆರಿಸಿ ಎಸೆಯುತ್ತಿದ್ದಳು.

3. ಕೈಯಿಂದ ಏನಾದರೂ ಮಾಡಿದ್ದು. ಅಪ್ಪ ಈಗ ಹೊಂಡಕ್ಕೆ ತಂತಿ ಬೇಲಿ ಹಾಕಿಸಿದ್ದಾರೆ. ನಾನೂ ಅಪ್ಪನೂ ಸೇರಿ ಹಳೇ ಟಯರ್ ಟ್ಯೂಬನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟೆವು. ಹಗ್ಗಕ್ಕೆ ಅರ್ಧ ಮಾರಿಗೊಂದು ಗಂಟು. ಜಾರಿದವರು ಹಿಡಿದು ಹತ್ತಬಹುದು. ಊರಲ್ಲಿ ಇನ್ನೂ ಐದು ಹೊಂಡಕ್ಕೆ ಹೀಗೆ ಕಟ್ಟಿದ್ದಾಗಿದೆ. ಹೊಂಡ ಇರುವವರು ದಯವಿಟ್ಟು ಕಟ್ಟಿ. ಯಾರಾದರೂ ಮುಳುಗುತ್ತಿದ್ದರೆ ನೀವು ಹಾರಬೇಡಿ. ಕೂಗಿ ಜನ ಕರೆಯಿರಿ. ಹಗ್ಗ, ಸೀರೆ, ಉದ್ದ ಕೋಲು ಚಾಚಿ, ಮುಚ್ಚಳ ಹಾಕಿದ ಖಾಲಿ ಕ್ಯಾನ್ ಎಸೆಯಿರಿ.

ದಸರಾ ಹತ್ತಿರ ಬರುತ್ತಿದ್ದ ಹಾಗೆ ನನಗೆ ಮತ್ತೆ ಹೊಟ್ಟೆ ನೋವು, ನಿದ್ದೆ ಕೆಡುವುದು ಶುರುವಾಗಿದೆ. ವರ್ಷ ತುಂಬುವ ಹೊತ್ತಿಗೆ ಹೀಗೆ ದುಃಖ ತಿರುಗಿ ಬರುತ್ತದಂತೆ. ಮೊದಲಿಗೆ ಹಿಂದಕ್ಕೆ ಹೋಗಿಬಿಟ್ಟೆ ಅಂತ ಹೆದರಿದ್ದೆ. ಇದು ಬಂದು ಹೋಗುವ ಅಲೆ ಅಂತ ಈಗ ಗೊತ್ತು. ಆದರೆ ದುಃಖದಲ್ಲಿರುವ ಯಾರಿಗಾದರೂ ತಿಂಗಳುಗಟ್ಟಲೆ ಊಟ ನಿದ್ದೆ ಸೇರದಿದ್ದರೆ, ಯಾರ ಜೊತೆಯೂ ಬೆರೆಯದಿದ್ದರೆ, ನಾನೂ ಸತ್ತುಹೋಗಬೇಕು ಅನಿಸಿದರೆ, ಅದನ್ನು ಒಂದು ದಿನವೂ ಮುಚ್ಚಿಡಬಾರದು. ದೊಡ್ಡವರಿಗೆ ಹೇಳಬೇಕು, ಆ ನಂಬರಿಗೆ ಫೋನ್ ಮಾಡಬೇಕು. ಮಕ್ಕಳಿಗಾಗಿ 1098 ಎಂಬ ನಂಬರೂ ಇದೆ.

ನಿಮ್ಮಲ್ಲಿ ಒಂದು ಮನವಿ

ಬುದ್ಧನ ಸಾಸಿವೆ ಕಾಳಿನ ಕಥೆ ನಮಗೆಲ್ಲಾ ಗೊತ್ತು. ಮಗು ಸತ್ತ ಕಿಸಾ ಗೋತಮಿಗೆ ಸಾವಿಲ್ಲದ ಮನೆಯಿಂದ ಸಾಸಿವೆ ತಾ ಅಂದನು. ಎಲ್ಲರ ಮನೆಯಲ್ಲೂ ಸಾವಿದೆ, ಆದ್ದರಿಂದ ಅಳಬೇಡ ಅಂತ ಆ ಕಥೆಯನ್ನು ನನಗೆ ತುಂಬಾ ಜನ ಹೇಳಿದರು. ನನಗೆ ಬೇರೆ ತೋರುತ್ತದೆ. ಅವಳು ಮನೆ ಮನೆಗೆ ಹೋದಾಗ ಪ್ರತಿ ಬಾಗಿಲಲ್ಲೂ ಯಾರಾದರೂ ನಿಂತು ತಮ್ಮ ಮನೆಯಲ್ಲಿ ಯಾರು ಸತ್ತರು ಅಂತ ಹೇಳಿರಬೇಕಲ್ಲವೇ? ಇವಳೂ ತನ್ನ ಮಗುವಿನ ಬಗ್ಗೆ ಅಷ್ಟು ಸಲ ಹೇಳಿರಬೇಕು. ಅವಳಿಗೆ ಸಮಾಧಾನವಾದದ್ದು ಅದರಿಂದ ಇರಬಹುದು.

ಸಹಪಾಠಿಗಳೇ, ನೀವು ಒಳ್ಳೆಯವರು. ನನಗೆ ನೋವಾಗಬಾರದು ಅಂತ ನನ್ನ ಮುಂದೆ ತಮ್ಮ ತಂಗಿಯರ ಮಾತೇ ಎತ್ತುವುದಿಲ್ಲ. ನಾನು ಬಂದರೆ ಮಾತು ನಿಲ್ಲಿಸುತ್ತೀರಿ. ರಾಖಿ ಹಬ್ಬದ ದಿನ ಎಲ್ಲರೂ ಕೈ ಹಿಂದೆ ಮುಚ್ಚಿಕೊಂಡಿದ್ದಿರಿ. ಆದರೆ ನೀವು ನೆನಪಿಸಿದರೆ ಮಾತ್ರ ನನಗೆ ನೆನಪಾಗುತ್ತದೆ ಅಂತ ತಿಳಿಯಬೇಡಿ. ನೆನಪು ಯಾವಾಗಲೂ ಇದ್ದೇ ಇರುತ್ತದೆ. ನೀವು ಸುಮ್ಮನಿದ್ದರೆ ಆ ನೆನಪಿನ ಜೊತೆ ನಾನೊಬ್ಬಳೇ ಇರಬೇಕಾಗುತ್ತದೆ.

ದುಃಖದಲ್ಲಿರುವವರಿಗೆ "ದೇವರಿಗೆ ಬೇಕಾದರು", "ಮರೆತುಬಿಡು" ಅನ್ನಬೇಡಿ. ಏನು ಹೇಳಬೇಕೋ ತಿಳಿಯದಿದ್ದರೆ ತಿಳಿಯುತ್ತಿಲ್ಲ ಅಂತಲೇ ಹೇಳಿ. ಪಕ್ಕದಲ್ಲಿ ಕೂತು ಊಟ ಮಾಡಿ. ನೋಟ್ಸ್ ಬರೆದುಕೊಡಿ. ಆಟಕ್ಕೆ ಕರೆಯಿರಿ, ಬರಲ್ಲ ಅಂದರೆ ನಾಳೆ ಮತ್ತೆ ಕರೆಯಿರಿ. ಗುರುಗಳಲ್ಲೂ ಒಂದು ಕೋರಿಕೆ. ಅರ್ಜಿ ತುಂಬುವಾಗ ಒಡಹುಟ್ಟಿದವರು ಎಷ್ಟು ಜನ ಅಂತ ಕೇಳಿದರೆ ನಾನು ಇಬ್ಬರು ಅಂತಲೇ ಹೇಳುತ್ತೇನೆ. ಹಾಗೇ ಬರೆದುಕೊಳ್ಳಬೇಕು.

ಈ ಲೇಖನದಲ್ಲಿ ನನ್ನ ತಮ್ಮ ತಂಗಿಯ ಹೆಸರು ಎಲ್ಲೂ ಬರೆದಿಲ್ಲ. ಮರೆತು ಬಿಟ್ಟದ್ದಲ್ಲ. ಬರೆದಿದ್ದರೆ ನೀವು ಓದಿಕೊಂಡು ಮುಂದಿನ ಒಗಟಿಗೆ ಹೋಗುತ್ತಿದ್ದಿರಿ. ಅವರ ಹೆಸರು ನಿಮಗೆಲ್ಲಾ ಗೊತ್ತು. ಅವನು ನಿಮ್ಮ ಜೊತೆ ಗೋಲಿ ಆಡಿದ್ದಾನೆ, ಅವಳು ನಿಮ್ಮ ಜಡೆ ಎಳೆದು ಓಡಿದ್ದಾಳೆ. ಇದನ್ನು ಓದಿದ ಮೇಲೆ ನನ್ನ ಹತ್ತಿರ ಬಂದು ಅವರ ಹೆಸರು ಹಿಡಿದು ಏನಾದರೂ ಒಂದು ನೆನಪು ಹೇಳಿ. ನಾನು ಅತ್ತರೂ ಪರವಾಗಿಲ್ಲ, ಹೆದರಿಕೊಂಡು ಹೋಗಬೇಡಿ. ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾನು ಬೇವಿನ ಮರದ ಕಟ್ಟೆ ಮೇಲೆ ಇರುತ್ತೇನೆ.

ಇಂತಿ ನಿಮ್ಮ ಸಹಪಾಠಿ,
10ನೇ ತರಗತಿ